ಅರವತ್ತು ಲೀಟರ್ ನೀರಿಗೆ ಒಂದು ಚಿಟಿಕೆ ಡಿಎಪಿ

ನೀರೊಳಗಿನ ಹೈಡ್ರಿಲ್ಲಾ ಗಿಡದ ಎಲೆಯ ಕೆಳಗೆ ಗುಂಡುಸೂಜಿಯ ತಲೆಗಿಂತ ಚಿಕ್ಕದೊಂದು ಗುಳ್ಳೆ ಕೂಡುತ್ತಿತ್ತು. ತೊಟ್ಟಿಯ ದೀಪ ಹಚ್ಚಿ ಮೂರು ಗಂಟೆಯಾದ ಮೇಲೆ, ಅದಕ್ಕಿಂತ ಮೊದಲು ಒಂದು ದಿನವೂ ಇಲ್ಲ. ಅದು ಉಬ್ಬಿ, ಎಲೆಯ ಅಂಚಿಗೆ ಜಾರಿ, ಕಳಚಿಕೊಂಡು ಮೇಲೇರುವುದಕ್ಕೆ ಸುಮಾರು ನಲವತ್ತು ಸೆಕೆಂಡು ಹಿಡಿಯುತ್ತಿತ್ತು. ನೀರಿನಲ್ಲಿ ಆಮ್ಲಜನಕ ತುಂಬಿದೆ, ಗಿಡ ತನ್ನ ಕೆಲಸ ಮಾಡುತ್ತಿದೆ ಎಂಬುದಕ್ಕೆ ಅದು ಗುರುತು. ನಾನು ಅದನ್ನು ಯಾರಿಗೂ ತೋರಿಸಲಿಲ್ಲ. ತೋರಿಸಿದ್ದರೆ "ಸೋಡಾ ಹಾಕೀಯೇನು ಇದರಾಗ?" ಎಂದು ಕೇಳುವವರೇ ನಮ್ಮ ಮನೆಯಲ್ಲಿ ಇದ್ದದ್ದು.

ನಮ್ಮ ಮನೆ ಮಸ್ಕಿಯಲ್ಲಿದೆ. ಅಪ್ಪ ಪಾಮನಕಲ್ಲೂರಿನ ಹೊಲದ ಕಡೆಯೇ ಹೆಚ್ಚು ಇರುತ್ತಾನೆ. ಅವನ ತಮ್ಮ, ನನ್ನ ಕಾಕಾ, ಸಿಂಧನೂರಿನಲ್ಲಿ ಗೊಬ್ಬರ ಮತ್ತು ಬೀಜದ ಅಂಗಡಿ ನಡೆಸುತ್ತಾನೆ. ನಾನು ಲಿಂಗಸುಗೂರಿನ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಬೆಳಿಗ್ಗೆ ಒಂದೇ ಬಸ್‌ಸ್ಟ್ಯಾಂಡಿನಿಂದ ಕಾಕಾ ಒಂದು ದಿಕ್ಕಿಗೆ, ನಾನು ಇನ್ನೊಂದು ದಿಕ್ಕಿಗೆ. ಮನೆಯಲ್ಲಿ ಅವ್ವ ಮತ್ತು ಕಾಕಾನ ಹೆಂಡತಿ, ಅಂದರೆ ಚಿಗವ್ವ. ಈ ಮನೆಯಲ್ಲಿ ಬಾಗಿಲು ಮುಚ್ಚಿಕೊಂಡರೆ ಜ್ವರ ಬಂದಿದೆ ಎಂದು ಅರ್ಥ. ನನ್ನ ಕೋಣೆಯ ಅರ್ಧ ಜೋಳದ ಚೀಲಗಳದ್ದು, ಅಲ್ಮೇರಾದ ಎರಡು ಖಾನೆ ಚಿಗವ್ವನ ಸೀರೆಗಳದ್ದು. ನನ್ನದು ಎಂದು, ಯಾರೂ ಕೈಹಾಕದಂತೆ ಇದ್ದದ್ದು ಒಂದೇ: ಕಿಟಕಿಯ ಎದುರಿನ ಗೋಡೆಗೆ ಹಚ್ಚಿಟ್ಟ ಎರಡು ಅಡಿ ಉದ್ದದ ಗಾಜಿನ ತೊಟ್ಟಿ. ಮನೆಯವರು ಅದನ್ನು ಮೀನಿನ ಡಬ್ಬಿ ಎಂದರು. ಎಂಟು ತಿಂಗಳು ನಾನು ಅದನ್ನು ಸಾಯದಂತೆ ನೋಡಿಕೊಂಡಿದ್ದೆ.

ಸಿಂಧನೂರಿನಲ್ಲಿ ಮೀನು ಮಾರುವ ಅಂಗಡಿಯೊಂದಿದೆ. ಅಲ್ಲಿ ನೀಲಿ ಬಣ್ಣ ಬಳಿದ ಹರಳು, ಬಾಯಿ ತೆರೆದು ಮುಚ್ಚುವ ಪ್ಲಾಸ್ಟಿಕ್ ಮೊಸಳೆ, ಗುಲಾಬಿ ಬಣ್ಣದ ತಾಳೆಗಿಡ ಎಲ್ಲವೂ ಸಿಗುತ್ತವೆ. ಜೀವವಿರುವ ಗಿಡ ಕೇಳಿದಾಗ ಅಂಗಡಿಯವನು ನನ್ನನ್ನು ಕರುಣೆಯಿಂದ ನೋಡಿದ.

"ಪ್ಲಾಸ್ಟಿಕ್ ಒಯ್ರಿ ಮೇಡಂ. ಕೊಳೆಂಗಿಲ್ಲ, ಬೆಳೆಂಗಿಲ್ಲ, ತ್ರಾಸಿಲ್ಲ. ಜೀವಂತ ಗಿಡ ಯಾರ್ ಕೇಳ್ತಾರ್ರೀ?"

ಅವನ ತೊಟ್ಟಿಗಳಲ್ಲಿ ಮೀನುಗಳು ವಾರಕ್ಕೊಮ್ಮೆ ಬದಲಾಗುತ್ತಿದ್ದವು. ಹಳೆಯವು ಮಾರಾಟವಾದವೆಂದು ಅವನು ಹೇಳುತ್ತಿದ್ದ. ನಾನು ಗಾಜಿನ ತೊಟ್ಟಿ, ಹನ್ನೊಂದು ಡ್ಯಾನಿಯೊ ಮೀನು ಮತ್ತು ಒಂದು ಪೈಪು ತೆಗೆದುಕೊಂಡು ಬಂದೆ. ಗಿಡಗಳಿಗಾಗಿ ದಢೇಸುಗೂರಿಗೆ ಹೋದೆ. ಅಲ್ಲಿ ಕಾಲುವೆಯ ಉಪಗಾಲುವೆಗಳಲ್ಲಿ ಹೈಡ್ರಿಲ್ಲಾವೂ ಪಟ್ಟಿಯಂಥ ಉದ್ದ ಎಲೆಯ ವ್ಯಾಲಿಸ್ನೇರಿಯಾವೂ ನೀರು ಹರಿಯದಷ್ಟು ದಟ್ಟವಾಗಿ ಬೆಳೆಯುತ್ತವೆ. ಗದ್ದೆಯವರು ಕೂಲಿಗೆ ಹೆಣ್ಣುಮಕ್ಕಳನ್ನು ಹಚ್ಚಿ ಅವನ್ನು ಕಿತ್ತು ದಂಡೆಯ ಮೇಲೆ ಒಣಹಾಕಿಸುತ್ತಾರೆ. ದೊಡ್ಡ ಊರುಗಳಲ್ಲಿ ಇದೇ ಗಿಡದ ನಾಲ್ಕು ಎಳೆಗಳನ್ನು ಪೊಟ್ಟಣ ಕಟ್ಟಿ, ಇಂಗ್ಲಿಷಿನಲ್ಲಿ ಹೆಸರು ಬರೆದು ಮಾರುತ್ತಾರೆ. ನಾನು ದಂಡೆಯ ರಾಶಿಯಿಂದ ಆರಿಸುತ್ತಿದ್ದಾಗ ಕೀಳುತ್ತಿದ್ದವರಲ್ಲಿ ಒಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಕಳಿ ಒಯ್ದು ಏನ್ ಮಾಡ್ತೀಯವಾ? ಎಮ್ಮಿ ಕಟ್ಟೀಯೇನು?"

"ಮೀನಿಗೆ."

"ಮೀನಿಗೆ ಹುಲ್ಲ್ ಹಾಕ್ತಾರಂತ! ಕೇಳಿದ್ರೇನ್ರೇ!"

ಕಾಲುವೆಯೊಳಗಿದ್ದವರೆಲ್ಲ ನಕ್ಕರು. ನಾನು ವಿವರಿಸಲಿಲ್ಲ. ವಿವರಿಸುವುದು ತರಗತಿಯಲ್ಲಿ ಸಂಬಳಕ್ಕಾಗಿ ಮಾಡುವ ಕೆಲಸ.

ತೊಟ್ಟಿ ಮಾಡುವ ಕ್ರಮ ಕಷ್ಟದ್ದಲ್ಲ, ತಾಳ್ಮೆಯದು. ಹಿತ್ತಲಿನ ಕೆಂಪು ಮಣ್ಣನ್ನು ನೆನೆಸಿ, ತೇಲುವ ಕಸ ಬಸಿದು, ಒಣಗಿಸಿ, ಮತ್ತೆ ನೆನೆಸಿದೆ. ಹೀಗೆ ನಾಲ್ಕು ಸಲ. ಅದನ್ನು ತಳಕ್ಕೆ ಎರಡು ಬೆರಳು ಹರಡಿ, ಮೇಲೆ ಹಳ್ಳದ ಉಸುಕನ್ನು ಜರಡಿ ಹಿಡಿದು ತೊಳೆದು ಹಾಸಿದೆ. ಗಿಡ ನೆಟ್ಟೆ. ನೀರು ತುಂಬಿ ಐದು ವಾರ ಒಂದು ಮೀನನ್ನೂ ಬಿಡಲಿಲ್ಲ. ಮೀನಿನ ಹೊಲಸು ಅಮೋನಿಯ ಆಗುತ್ತದೆ. ಅದನ್ನು ತಿಂದು ಮುಗಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ನೆಲೆಗೊಳ್ಳಲು ಅಷ್ಟು ದಿನ ಬೇಕು. ಆ ಐದು ವಾರ ಅಂಗಡಿಯ ಮೀನುಗಳು ಹಿತ್ತಲಿನ ಸಿಮೆಂಟ್ ಬಾನಿಯಲ್ಲಿದ್ದವು. ಮನೆಗೆ ಬಂದವರೆಲ್ಲ ಖಾಲಿ ತೊಟ್ಟಿಯ ಎದುರು ನಿಂತು "ಸತ್ತ್ವೇನ್ರಿ?" ಎಂದು ಕೇಳಿದರು.

ನಮ್ಮದು ಹಣೆಗೆ ವಿಭೂತಿಯಿಲ್ಲದೆ ನೀರು ಕುಡಿಯದ ಮನೆ. ಮೀನು ಒಳಗೆ ಬರುವುದಕ್ಕೆ ಅವ್ವ ಒಪ್ಪಿದ್ದು ಎರಡು ಷರತ್ತಿನ ಮೇಲೆ. ಅದಕ್ಕೆ ಬಳಸಿದ ಬಕೆಟ್ಟು, ಬಲೆ ಅಡುಗೆಮನೆಯ ಹೊಸ್ತಿಲು ದಾಟಬಾರದು. ಮತ್ತು ಬಂದವರು ಕೇಳಿದರೆ ವಾಸ್ತುವಿಗೆ ಇಟ್ಟದ್ದು ಎನ್ನಬೇಕು. ನಾನು ಎರಡನೆಯದನ್ನು ಪಾಲಿಸಲಿಲ್ಲ, ಅವ್ವನೇ ಹೇಳಿಕೊಂಡಳು. ಒಂದು ತಿಂಗಳಲ್ಲಿ ನಮ್ಮ ಓಣಿಯ ಮೂರು ಮನೆಗಳಲ್ಲಿ ಈಶಾನ್ಯ ಮೂಲೆಗೆ ಗಾಜಿನ ಬಟ್ಟಲುಗಳು ಬಂದವು, ಒಂದೊಂದರಲ್ಲಿ ಒಂದೊಂದು ಬಂಗಾರದ ಮೀನು. ಅವು ಹತ್ತು ಹದಿನೈದು ದಿನಕ್ಕೆ ಸತ್ತವು. ಯಾರೂ ನೀರನ್ನು ಅನುಮಾನಿಸಲಿಲ್ಲ. ಮನೆಯ ಪೀಡೆ ಮೀನು ಎಳಕೊಂಡು ಹೋಯಿತೆಂದು ಸಂತೋಷಪಟ್ಟು ಇನ್ನೊಂದು ತಂದರು.

ಇಂಥವರ ನಡುವೆ ನನ್ನ ತೊಟ್ಟಿಯ ಬಗ್ಗೆ ಸರಿಯಾದ ಪ್ರಶ್ನೆ ಕೇಳಿದವನು ಕಾಕಾ ಒಬ್ಬನೇ. ಅದು ನನಗೆ ಆಗ ತಿಳಿಯಲಿಲ್ಲ.

ಕಾಕಾನ ಅಂಗಡಿಗೆ ರೈತರು ರೋಗ ಬಿದ್ದ ಎಲೆಯನ್ನೋ ಕಾಯನ್ನೋ ಕಿತ್ತುಕೊಂಡು ಬರುತ್ತಾರೆ. ಅವನು ಅದನ್ನು ಬೆಳಕಿಗೆ ಹಿಡಿದು, ತಿರುವಿ, ಉಗುರಿನಿಂದ ಕೆರೆದು "ಇದು ಹಾಕ್ರಿ, ಎಂಟು ದಿನ ಬಿಟ್ಟು ಬರ್ರಿ" ಎನ್ನುತ್ತಾನೆ. ಹತ್ತನೇ ಇಯತ್ತೆ ಮುಗಿಸದವನ ಈ ಡಾಕ್ಟರಿಕೆಯನ್ನು ನಾನು ಎಂದೂ ಗೌರವಿಸಿರಲಿಲ್ಲ. ಒಂದು ಭಾನುವಾರ ಅವನು ನನ್ನ ತೊಟ್ಟಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಏನಬೇ, ಎಲಿ ಹಳದಿ ಬಿದ್ದಾವ. ಏನ್ ಹಾಕಾಕತ್ತೀ ಇದಕ್ಕ?"

"ಏನಿಲ್ಲ."

"ಏನಿಲ್ಲ ಅಂದ್ರ ಹೆಂಗ? ತಳಗಿನ ಎಲಿ ಮೊದಲ ಹಳದಿ ಆಗ್ಯಾವ. ನೈಟ್ರೋಜನ್ ಕಮ್ಮಿ ಬಿದ್ದೈತಿ. ಮ್ಯಾಗಿನ ಎಲಿ ಆಗಿದ್ರ ಕಬ್ಬಿಣ ಅಂತಿದ್ದೆ."

ನಾನು ಆಗಲೇ ಆನ್‌ಲೈನಿನಲ್ಲಿ ಕಬ್ಬಿಣದ ದ್ರಾವಣ ತರಿಸಿ ಮೂರು ವಾರ ಹನಿಸಿದ್ದೆ. ಅವನು ಆ ಶೀಸೆಯನ್ನು ಎತ್ತಿ ನೋಡಿದ.

"ಇಷ್ಟ್ ಸಣ್ಣ ಶೀಸೆ! ಕಣ್ಣಿಗೆ ಬಿಡೂದೇನು ಇದು?"

ನಾನು ಶೀಸೆಯನ್ನು ಅವನ ಕೈಯಿಂದ ತೆಗೆದುಕೊಂಡು ಕಪಾಟಿನಲ್ಲಿಟ್ಟೆ. ಅವನು ಹೇಳಿದ್ದು ಸರಿಯಾಗಿತ್ತು. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾದರೆ ಕೊರತೆ ಸಾರಜನಕದ್ದು. ಅದನ್ನು ನಾನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದೆ. ನನ್ನದೇ ಗಿಡದ ಮೇಲೆ ಅದನ್ನು ಓದಲಿಲ್ಲ. ಇದನ್ನು ಬರೆಯಲು ನನಗೆ ಈಗಲೂ ಸಂತೋಷವಿಲ್ಲ.

ಅಮಾವಾಸ್ಯೆಯ ದಿನ ಪೂಜೆ ಮುಗಿಸಿ ಮಧ್ಯಾಹ್ನವೇ ಅಂಗಡಿ ಮುಚ್ಚಿ ಬರುವುದು ಕಾಕಾನ ಪದ್ಧತಿ. ಆ ಅಮಾವಾಸ್ಯೆಗೆ ನನಗೆ ಲಿಂಗಸುಗೂರಿನಲ್ಲಿ ಪರೀಕ್ಷೆಯ ಮೇಲ್ವಿಚಾರಣೆಯಿತ್ತು. ಸಂಜೆ ಮನೆಗೆ ಬಂದಾಗ ಚಿಗವ್ವ ನನ್ನ ಕೋಣೆಯಲ್ಲಿ ನಿಂತಿದ್ದಳು, ಅಂಗೈಯಲ್ಲಿ ಪುಡಿ ಮಾಡಿದ ಮಂಡಕ್ಕಿ, ನಮ್ಮ ಕಡೆಯ ಮಂಡಾಳು.

"ಮಧ್ಯಾಹ್ನದಿಂದ ಮ್ಯಾಲೆ ಬಂದು ಬಾಯಿ ತೆರದು ತೆರದು ಮುಚ್ಚಾಕತ್ತಾವ. ಹಸದಾವ ಪಾಪ. ನೀ ಹೊಟ್ಟಿಗಿ ಹಾಕೂದ್ ಕಮ್ಮೀನ ಬಿಡು."

ಮೀನುಗಳಿಗೆ ಹಸಿವಾಗಿರಲಿಲ್ಲ. ಅವಕ್ಕೆ ಉಸಿರು ಸಿಗುತ್ತಿರಲಿಲ್ಲ. ಕಿವಿರುಗಳು ಕೆಂಪಾಗಿ ಹೊರಚಾಚಿದ್ದವು. ಐದು ಆಗಲೇ ಅಡ್ಡ ತೇಲುತ್ತಿದ್ದವು, ಅವುಗಳ ಸುತ್ತ ಮಂಡಾಳಿನ ಪುಡಿ. ವ್ಯಾಲಿಸ್ನೇರಿಯಾದ ಬುಡದಲ್ಲಿ, ಉಸುಕಿನ ಮೇಲೆ, ಸಾಲು ಹಿಡಿದು ಬಿತ್ತಿದಂತೆ ಕಂದು ಬಣ್ಣದ ಕಾಳುಗಳಿದ್ದವು, ಅರ್ಧ ಕರಗಿ ಮೆತ್ತಗಾಗಿ. ಒಂದನ್ನು ತೆಗೆದು ಬೆರಳಲ್ಲಿ ಹಿಸುಕಿದೆ. ಡಿಎಪಿ ಗೊಬ್ಬರ. ನೀರಿಗೆ ಬಿದ್ದರೆ ಅದು ಬಿಡುವುದು ಅಮೋನಿಯ. ನಮ್ಮ ಬೋರಿನಂಥ ಕ್ಷಾರದ ನೀರಿನಲ್ಲಿ ಅದು ಇನ್ನೂ ತೀಕ್ಷ್ಣವಾಗಿ ಕಿವಿರನ್ನು ಸುಡುತ್ತದೆ.

ಬದುಕಿದ್ದ ಆರನ್ನು ತಕ್ಷಣ ಬೇರೆ ನೀರಿಗೆ ಹಾಕಬೇಕಿತ್ತು. ಮೀನಿಗೆಂದು ಒಂದು ದಿನ ತೆರೆದಿಟ್ಟು ತಂಗಿಸಿದ ನೀರು ಎರಡು ಕೊಡ ಇತ್ತು, ಮೀನಿನ ಬಕೆಟ್ಟು ಹಿತ್ತಲಿನಲ್ಲಿ ಎಲ್ಲೋ ಇತ್ತು. ಕೈಗೆ ಸಿಕ್ಕದ್ದು ದೇವರ ಕೋಣೆಯ ಬಾಗಿಲಿನಲ್ಲಿದ್ದ ಸ್ಟೀಲಿನ ಬಕೆಟ್ಟು. ಅದರಲ್ಲಿದ್ದ ನೀರನ್ನು ಅಂಗಳಕ್ಕೆ ಚೆಲ್ಲಿ, ತಂಗಿಸಿದ ನೀರು ಒಂದು ಕೊಡ ಸುರಿದೆ.

"ಅದು ಪೂಜಿ ಬಕೀಟಬೇ!" ಎಂದು ಅವ್ವ ಹೌಹಾರಿ ಎದ್ದಳು. "ಅಮಾಸಿ ದಿನ! ಮೀನ ಹಾಕ್ತೀಯೇನ ಅದರಾಗ?"

ಹಾಕಿದೆ. ಕಾಕಾ ಪಡಸಾಲೆಯಿಂದ ಎದ್ದು ಬಂದು ಬಾಗಿಲಲ್ಲಿ ನಿಂತ. ಅವನ ಮುಖದಲ್ಲಿ ಅಪರಾಧಿಯ ಛಾಯೆಯೂ ಇರಲಿಲ್ಲ.

"ಡಿಎಪಿ ಹಾಕಿದ್ದು ನೀನೇನು?" ಎಂದೆ.

"ಹೂಂ. ಚಿಟಿಕಿ ಅಷ್ಟ. ಎಲಿ ನೋಡಾಕ ಆಗ್ಲಿಲ್ಲಬೇ. ನೋಡ್ತಿರು, ಎಂಟ್ ದಿನದಾಗ ಹಸರ್ ಆಕ್ಕಾವ."

ಎಕರೆಗೆ ಚೀಲ ಲೆಕ್ಕದಲ್ಲಿ ಹಾಕಿಸುವವನ ಚಿಟಿಕೆ ಅದು. ನನ್ನ ಅಂದಾಜಿನಲ್ಲಿ ಐದು ಗ್ರಾಂ. ಅರವತ್ತು ಲೀಟರ್ ನೀರಿಗೆ ಅದು ಏನು ಮಾಡುತ್ತದೆಂದು ನಾನು ಹೇಳಿದೆ, ತರಗತಿಯಲ್ಲಿ ಹೇಳುವ ಧ್ವನಿಯಲ್ಲಿ, ಪೂರ್ತಿ ವಾಕ್ಯಗಳಲ್ಲಿ. ತಿಳಿಯದ ಕಡೆ ಕೈ ಹಾಕುವುದೇ ಈ ಮನೆಯವರ ವಿದ್ಯೆ ಎಂದೂ ಹೇಳಿದೆ. ಚಿಗವ್ವ ಮಂಡಾಳಿನ ಕೈಯನ್ನು ಸೆರಗಿನ ಹಿಂದೆ ಇಟ್ಟುಕೊಂಡಳು.

ಕಾಕಾ ದನಿ ಏರಿಸದೆ ಅಂದ: "ಮತ್ತ ಹೇಳಬೇಕಿತ್ತಲ್ಲ. ಎಂಟ್ ತಿಂಗಳಾತು. ಏನ್ ಹಾಕ್ತೀ ಅಂದ್ರ 'ಏನಿಲ್ಲ'. ಯಾಕ್ ಹಾಕಂಗಿಲ್ಲ ಅಂದ್ರ 'ಏನಿಲ್ಲ'. ನಾ ಅಂಗಡ್ಯಾಗ ಓದಾಕ ಬರಲಾರದವ್ರಿಗೂ ಬಾಯಿಬಿಟ್ಟು ಹೇಳ್ತೀನಿ, ಬೂದಿ ಅಲ್ಲಪಾ, ವಿಷ ಐತಿ, ಇಷ್ಟಕ್ಕ ಇಷ್ಟ ಹಾಕು ಅಂತ. ನೀ ಓದಿದಾಕಿ. ಯಾರಿಗಿ ಹೇಳ್ತೀ ನೀ?"

ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

ತೊಟ್ಟಿಯ ಅರ್ಧ ನೀರನ್ನು ಚೊಂಬಿನಿಂದ ಎತ್ತಿ ಹಾಕಿ, ಉಳಿದ ಒಂದು ಕೊಡವನ್ನು ಸುರಿದೆ. ಅಷ್ಟಕ್ಕೆ ತಂಗಿಸಿದ ನೀರು ಮುಗಿಯಿತು. ಬ್ಯಾರಲ್ಲಿಗೆ ಬೋರಿನ ನೀರು ಬಿಟ್ಟು ತಂಗಲು ಇಟ್ಟೆ. ಬಕೆಟ್ಟಿನಲ್ಲಿ ಇನ್ನೆರಡು ಮೀನು ಸತ್ತವು. ಅವ್ವ ಊಟಕ್ಕೆ ಕರೆಯಲಿಲ್ಲ, ತಟ್ಟೆಯನ್ನು ಕೋಣೆಗೇ ತಂದಿಟ್ಟಳು. ಏಳು ಸತ್ತ ಮೀನುಗಳಿದ್ದ ಕಾಗದವನ್ನು ಮುಖ ತಿರುಗಿಸಿ ದಾಟಿದಳು. ಉಳಿದದ್ದು ನಾಲ್ಕು. ತಳದ ಮಣ್ಣು ಆ ಕಾಳುಗಳ ಸತ್ವ ಹೀರಿಕೊಂಡಿತ್ತು. ಅದನ್ನು ತೆಗೆಯದೆ ಆ ನಾಲ್ಕನ್ನು ಮರಳಿ ಬಿಡುವಂತಿರಲಿಲ್ಲ. ಮಣ್ಣು ತೆಗೆಯಲು ಎರಡು ಜನ ಬೇಕು: ಒಬ್ಬರು ತೊಟ್ಟಿಯೊಳಗೆ ಪೈಪಿನ ಬಾಯಿಯನ್ನು ಕಾಳು ಬಿದ್ದಲ್ಲೆಲ್ಲ ಹಿಡಿಯಬೇಕು, ಇನ್ನೊಬ್ಬರು ಹೊರಗಿನ ತುದಿಯನ್ನು ಬೆರಳಿನಿಂದ ಮುಚ್ಚಿ ತೆರೆದು ಹರಿವನ್ನು ತಡೆಯಬೇಕು. ಎಂಟು ತಿಂಗಳಲ್ಲಿ ಎರಡನೆಯವರು ಬೇಕಾಗುವ ಕೆಲಸ ಬಂದಿರಲಿಲ್ಲ. ಬಾರದಂತೆ ನಾನೇ ನೋಡಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಆರೂವರೆಗೆ ಕಾಲೇಜಿಗೆ ಫೋನು ಮಾಡಿ ಬರುವುದಿಲ್ಲ ಎಂದೆ. ಕಾರಣ ಕೇಳಿದರು. ಹುಷಾರಿಲ್ಲ ಎನ್ನಬಹುದಿತ್ತು. ಮನೆಯಲ್ಲಿ ಮೀನು ಸತ್ತಿವೆ ಎಂದೆ. ಆ ಕಡೆ ನಗು ಕೇಳಿಸಿತು, ಅದು ಮುಗಿಯುವವರೆಗೆ ಕಾದು ಫೋನು ಇಟ್ಟೆ. ಆಮೇಲೆ ಪಡಸಾಲೆಗೆ ಹೋಗಿ, ಅಂಗಿ ಹಾಕಿಕೊಳ್ಳುತ್ತಿದ್ದ ಕಾಕಾನಿಗೆ ಒಳಗೆ ಬಾ ಎಂದೆ. ಅವನನ್ನು ತೊಟ್ಟಿಯ ಪಕ್ಕ ಕೂಡಿಸಿ ಹೇಳಲು ಶುರು ಮಾಡಿದೆ: ಮಣ್ಣು ಯಾಕೆ ನಾಲ್ಕು ಸಲ ನೆನೆಸಿದ್ದು, ಐದು ವಾರ ಯಾಕೆ ಖಾಲಿ ಇಟ್ಟದ್ದು, ಮೀನಿನ ಹೊಲಸೇ ಗಿಡಕ್ಕೆ ಹೇಗೆ ಗೊಬ್ಬರ, ಈ ತೊಟ್ಟಿಗೆ ಅದು ಎಲ್ಲಿ ಕಮ್ಮಿ ಬಿತ್ತು. ಅವನು ಮೂರು ಕಡೆ ಅಡ್ಡ ಮಾತಾಡಿದ. ಅದರಲ್ಲಿ ಎರಡು ದಡ್ಡ ಮಾತು. ಮೂರನೆಯದು ಅಲ್ಲ. ಪೈಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ನೀರು ತುಂಬಿಸಿಯೇ ಇದೆ, ಬೆರಳು ತೆಗೆದರೆ ಸಾಕು, ಬಾಯಿ ಹಚ್ಚಬೇಡ ಎಂದೆ. ಟ್ರ್ಯಾಕ್ಟರಿನ ಡೀಸೆಲನ್ನು ಪೈಪಿಗೆ ಬಾಯಿ ಹಚ್ಚಿ ಎಳೆದ ರೂಢಿ ಅವನದು. ನಾನು ಹೇಳಿ ಮುಗಿಸುವ ಮೊದಲೇ ಬಾಯಿ ಹಚ್ಚಿ ಎಳೆದ. ಬಾಯಿ ತುಂಬ ಮೀನಿನ ನೀರು. "ಶಿವ ಶಿವಾ!" ಎಂದು ಅವ್ವ ಅಡುಗೆಮನೆಯಿಂದ ಕೂಗಿದಳು. ಅವನು ಅಂಗಳಕ್ಕೆ ಓಡಿ ಉಗುಳಿದ. ನಾನು ಚೊಂಬಿನಲ್ಲಿ ನೀರು ಒಯ್ದು ಕೊಟ್ಟೆ. ಬಾಯಿ ಮುಕ್ಕಳಿಸಿ ಬಂದು ಪೈಪು ಹಿಡಿದುಕೊಂಡ. ನಾನು ತೋಳಿನ ಬಟ್ಟೆ ಮೇಲಕ್ಕೆ ಮಡಚಿ, ಪೈಪಿನ ಇನ್ನೊಂದು ತುದಿ ಹಿಡಿದು ತೊಟ್ಟಿಯ ಮಣ್ಣಿಗೆ ಕೈ ಇಟ್ಟೆ.