ಅಚ್ಚುತ ಮಾಷ್ಟ್ರು ಎರೆದ ನೀರು

ದೀಪ ಹಚ್ಚಿದ ಮೇಲೆ ಮನೆಯ ಉಪ್ಪನ್ನು ಹೊರಗೆ ಕೊಡುವ ಕ್ರಮ ಇಲ್ಲ. ಇದು ಪುತ್ತೂರಿನಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಅರುವತ್ತಮೂರನೆಯ ಇಸವಿಯ ಜೂನ್ ತಿಂಗಳ ಒಂದು ಸಂಜೆ ಪೂವಮ್ಮ ದೇವರ ಮುಂದೆ ದೀಪ ಇಟ್ಟು ತಿರುಗಿದರೆ, ಅಡುಗೆಮನೆಯ ಬಾಗಿಲಲ್ಲಿ ಉದ್ದದ ಮನುಷ್ಯನೊಬ್ಬ ಅಂಗೈ ಚಾಚಿ ನಿಂತಿದ್ದ. ಅವತ್ತೇ ಎದುರಿನ ಕೋಣೆಗೆ ಬಾಡಿಗೆಗೆ ಬಂದು ಟ್ರಂಕು ಇಳಿಸಿದ ಕಾಲೇಜಿನ ಹೊಸ ಲೆಕ್ಚರರು.

“ಪೂವಮ್ಮಕ್ಕ, ಸ್ವಲ್ಪ ಕಲ್ಲುಪ್ಪು ಕೊಡ್ತೀರಾ?”

ಪೂವಮ್ಮ ದೀಪದ ಕಡೆ ನೋಡಿದಳು. “ಈ ಹೊತ್ತಿಗಾ? ಪದಾರ್ಥಕ್ಕೆ ಉಪ್ಪು ಸಾಲದಿದ್ರೆ ನಾನೇ ಹಾಕಿ ಕೊಡ್ತೇನೆ.”

“ತಿನ್ಲಿಕ್ಕೆ ಅಲ್ಲ. ನಾಳೆ ಕ್ಲಾಸಿನಲ್ಲಿ ತೋರಿಸ್ಲಿಕ್ಕೆ.”

“ಉಪ್ಪು ನೋಡ್ಲಿಕ್ಕೆ ಕಾಲೇಜಿಗೆ ಹೋಗ್ಬೇಕಾ ಮಾಷ್ಟ್ರೆ?” ಎಂದಳು ಪೂವಮ್ಮ. ಉಪ್ಪು ಮಾತ್ರ ಬೆಳಿಗ್ಗೆಯೇ ಕೊಟ್ಟಳು.

ಅವರ ಹೆಸರು ಅಚ್ಚುತ, ಊರು ಕಾಣಿಯೂರು. ಹೆತ್ತವಳು ಬಾಣಂತನದಲ್ಲೇ ಹೋಗಿದ್ದಳು. ಓದಿದ್ದೆಲ್ಲ ಹಾಸ್ಟೆಲುಗಳಲ್ಲಿ. ಹಾಗಾಗಿ ಮನೆವಾರ್ತೆಯ ಕ್ರಮಗಳು ಅವರ ತಲೆಗೆ ಹತ್ತಿರಲಿಲ್ಲ. ಅಲ್ಲಿ ಬೇರೆಯದೇ ತುಂಬಿತ್ತು. ಪೂವಮ್ಮ ಸುಳ್ಯದ ಹತ್ತಿರದ ಅಜ್ಜಾವರದವಳು, ಗಂಡ ತೀರಿಕೊಂಡವಳು. ಮಗ ವೆಂಕಪ್ಪನ ಮಗಳು ನೀಲಾವತಿ ಬಿ.ಎಸ್ಸಿ.ಗೆ ಸೇರಿದಾಗ, ಹುಡುಗಿಯನ್ನು ಒಂಟಿಯಾಗಿ ಬಿಡುವುದು ಹೇಗೆ ಎಂದು ಅವಳೇ ಪುತ್ತೂರಿನಲ್ಲಿ ಮನೆ ಹಿಡಿದು ಅಡುಗೆ ಮಾಡಿ ಹಾಕುತ್ತಿದ್ದಳು. ಮನೆತನದಲ್ಲಿ ಹೆಣ್ಣು ಹುಡುಗಿ ಕಾಲೇಜು ಮೆಟ್ಟಿಲು ಹತ್ತಿದ್ದು ಅದೇ ಮೊದಲು. ವೆಂಕಪ್ಪ ಒಪ್ಪಿದ್ದು ಅರೆಮನಸ್ಸಿನಲ್ಲಿ.

ಮಾಷ್ಟ್ರ ಊಟವೂ ಪೂವಮ್ಮನ ಮನೆಯಲ್ಲೇ; ಕೂತರೆ ಉಪ್ಪಿನ ಕಥೆಯೇ. ಉಪ್ಪಿನ ಒಳಗೆ ಎರಡು ಜಾತಿಯ ಕಣಗಳಂತೆ. ಒಂದು ತನ್ನ ಒಂದು ಎಲೆಕ್ಟ್ರಾನನ್ನು ಪೂರ್ತಿ ಕೊಟ್ಟುಬಿಡುತ್ತದೆ, ಇನ್ನೊಂದು ತೆಗೆದುಕೊಳ್ಳುತ್ತದೆ. ಆ ಕೊಡುಕೊಳ್ಳುವಿಕೆಯಿಂದಲೇ ಎರಡೂ ಅಂಟಿಕೊಳ್ಳುವುದಂತೆ. ನೀರಿನಲ್ಲಿ ಹಾಗಲ್ಲ. ಇದೂ ಒಂದು ಹಾಕುತ್ತದೆ, ಅದೂ ಒಂದು ಹಾಕುತ್ತದೆ, ಎರಡೂ ಸೇರಿ ಹಿಡಿದುಕೊಳ್ಳುತ್ತವೆ. ಪೂವಮ್ಮ ಕೇಳುತ್ತಿದ್ದಳು, ಗಂಜಿ ಬಡಿಸುತ್ತಿದ್ದಳು. ಅವಳ ಹೊಸ ಹಿಡಿಸೂಡಿಯ ಕಡ್ಡಿಗಳು ಒಂದೊಂದಾಗಿ ಮಾಯವಾದವು. ಪಲ್ಯಕ್ಕೆ ನೆನೆಹಾಕಿದ ಕಡಲೆಯೂ ಮಾಯವಾಯಿತು. ನೋಡಿದರೆ ಮಾಷ್ಟ್ರ ಕೋಣೆಯ ಕಿಟಕಿಯಲ್ಲಿ ಕಡಲೆಗೆ ಕಡ್ಡಿ ಚುಚ್ಚಿ ಮಾಡಿದ ಎಂತೆಂತದೋ ಆಕಾರಗಳು ಸಾಲಾಗಿ ಕೂತಿದ್ದವು.

“ಬೋರ್ಡಿನಲ್ಲಿ ಬರೆದ್ರೆ ಎಲ್ಲ ಚಪ್ಪಟೆ ಕಾಣ್ತದೆ ಪೂವಮ್ಮಕ್ಕ. ಮಕ್ಕಳಿಗೆ ಆಕಾರ ಗೊತ್ತಾಗ್ಬೇಕು.”

“ಆಕಾರ ಗೊತ್ತಾಗ್ಲಿ. ನನಗೆ ಗುಡಿಸ್ಲಿಕ್ಕೆ ಎಂತ ಉಂಟು?”

ಕಡಲೆ ಹಿಂದಿನ ಬೆಂಚಿಗೆ ಕಾಣುವುದಿಲ್ಲ ಎಂದು ಹುಡುಗರು ದೂರಿದರು. ಎಡವಟ್ಟಾದದ್ದು ಅಲ್ಲಿಂದ.

ಆ ದಿನ ಪೂವಮ್ಮ ಅಂಗಳದಲ್ಲಿ ಮೀನು ಕೊಳ್ಳುತ್ತಿದ್ದಳು. ಮೀನಿನ ಪೋಕರ್ ಬುಟ್ಟಿ ಇಳಿಸಿದವನೇ ನಕ್ಕ. “ಎಂತ ಪೂವಮ್ಮಕ್ಕ, ಪುಳ್ಳಿಯ ಧಾರೆ ಮುಗಿಸಿಬಿಟ್ರಂತೆ. ಇಷ್ಟು ದಿನ ಮೀನು ಕೊಟ್ಟವನಿಗೆ ಒಂದು ಹೇಳಿಕೆ ಇಲ್ವಾ?”

“ಯಾರ ಪುಳ್ಳಿ? ಎಂತ ಧಾರೆ?”

“ನಿಮ್ಮ ಮೊಮ್ಮಗಳು ನೀಲಾವತಿಯದ್ದು. ಕಾಲೇಜಿನಲ್ಲಿ. ಪೇಟೆ ಇಡೀ ಅದೇ ಸುದ್ದಿ.”

ಪೂವಮ್ಮನ ಕೈಯ ಬಂಗುಡೆ ಮಣ್ಣಿಗೆ ಬಿತ್ತು.

ಈ ಕಡೆ ಮದುವೆ ಎಂದರೆ ಧಾರೆ. ಗಂಡುಹೆಣ್ಣಿನ ಕೈ ಸೇರಿಸಿ, ಹೆತ್ತವರು ಗಿಂಡಿಯಿಂದ ನೀರು ಎರೆದರೆ ಹೆಣ್ಣನ್ನು ಕೊಟ್ಟ ಹಾಗೆ. ಅದಕ್ಕೆ ಮೊದಲು ಆ ಗಿಂಡಿ ನೆಂಟರಿಷ್ಟರ ಕೈಯಿಂದ ಕೈಗೆ ಹೋಗುತ್ತದೆ, ಎಲ್ಲರೂ ಮುಟ್ಟಿ ಹರಸುತ್ತಾರೆ. ಗಂಡ ಸತ್ತ ಹೆಂಗಸರು ಮುಟ್ಟುವುದಿಲ್ಲ. ಸ್ವಂತ ಮಗನ ಮದುವೆಯಲ್ಲಿ ಗಿಂಡಿ ಸುತ್ತುವಾಗ ಪೂವಮ್ಮ ಅಡುಗೆ ಕೊಟ್ಟಿಗೆಯಲ್ಲಿ ಸೌತೆಕಾಯಿ ಹೆಚ್ಚುತ್ತಿದ್ದಳು.

ಸಂಜೆ ನೀಲಾವತಿ ಅಳುತ್ತಾ ಬಂದಳು. ಮಾಷ್ಟ್ರು ನೀರಿನ ಅಣುವನ್ನು ಕಲಿಸುತ್ತಿದ್ದರಂತೆ. ತ್ಯಾಂಪಣ್ಣ ಎಂಬ ಹುಡುಗನನ್ನು ಆಮ್ಲಜನಕ ಎಂದು ನಡುವೆ ನಿಲ್ಲಿಸಿದರು. ಎರಡು ಜಲಜನಕ ಬೇಕು. ಮುಂದಿನ ಬೆಂಚಿನಲ್ಲಿ ಇದ್ದವರು ಇಬ್ಬರೇ ಹುಡುಗಿಯರು, ನೀಲಾವತಿ ಮತ್ತು ಸುಂದರಿ. ಒಬ್ಬೊಬ್ಬಳಿಗೆ ಒಂದೊಂದು ಕೈ ಹಿಡಿಸಿ, ಕೈಗಳು ನೇರ ಇರಬಾರದು, ಓರೆಯಾಗಿರಬೇಕು ಎಂದು ಮರದ ಕೋನಮಾಪಕ ಇಟ್ಟು ಸರಿ ಮಾಡಿದರು. ಆಗ ಹಿಂದಿನಿಂದ ಯಾರೋ ಕೂಗಿದ, “ಸಾರ್, ನೀರಾದ್ರೆ ಒದ್ದೆ ಎಲ್ಲಿ?” ಮಾಷ್ಟ್ರು ಮೇಜಿನ ಮೇಲಿದ್ದ ಹೂಜಿ ಎತ್ತಿ ಹಿಡಿದ ಕೈಗಳ ಮೇಲೆ ಎರೆದರು. “ಇಕೊ, ಇದೇ ಅದು!”

ಆಮೇಲೆ ಒಬ್ಬ ಬಾಯಲ್ಲೇ ವಾಲಗ ಊದಿದನಂತೆ.

“ಒಂದು ಗಂಡಿಗೆ ಎರಡು ಹೆಣ್ಣಾ!” ಎಂದಳು ಪೂವಮ್ಮ.

ಮಾಷ್ಟ್ರು ಬಂದು ಅಂಗಳದಲ್ಲೇ ನಿಂತರು. “ನನಗೆ ಹೊಳೀಲೇ ಇಲ್ಲ ಪೂವಮ್ಮಕ್ಕ” ಎಂದರು.

ಸುದ್ದಿ ಸುಳ್ಯಕ್ಕೆ ಬಸ್ಸು ಹತ್ತಿ ಹೋಯಿತು. ಬೆಳಗಾಗಿ ಬಿಸಿಲೇರುವಾಗ ವೆಂಕಪ್ಪ ಬಂದಿಳಿದ. ಚಪ್ಪಲಿ ಕಳಚದೆ ಜಗಲಿ ಹತ್ತಿದ. “ನೀಲಾ, ಬಟ್ಟೆ ಕಟ್ಟು. ಓದಿದ್ದು ಸಾಕು.”

“ಅಪ್ಪ, ಪರೀಕ್ಷೆ...”

“ಧಾರೆ ಆದ ಹೆಣ್ಣಿಗೆ ಎಂತ ಪರೀಕ್ಷೆ? ನಿನ್ನನ್ನು ನೋಡ್ಲಿಕ್ಕೆ ಬರ್ತೇವೆ ಅಂದ ಕಡಬದ ನೆಂಟಸ್ತಿಕೆಯವರು ಕೇಳಿದ್ರೆ ಯಾವ ಬಾಯಲ್ಲಿ ಉತ್ತರ ಕೊಡ್ಲಿ?”

ಅಚ್ಚುತ ಮಾಷ್ಟ್ರು ಮುಂದೆ ಬಂದರು. “ಗೌಡ್ರೆ, ತಪ್ಪು ನನ್ನದು. ಆದ್ರೆ ಕೇಳಿ, ಧಾರೆ ಅಂದ್ರೆ ಕೊಡುದು. ನೀರಿನಲ್ಲಿ ಕೊಟ್ಟವರು ಯಾರೂ ಇಲ್ಲ, ಇಬ್ಬರೂ ಸೇರಿ ಹಿಡ್ಕೊಳ್ಳುದು...”

“ಹಿಡ್ಕೊಂಡದ್ದನ್ನೇ ನಾನೂ ಹೇಳ್ತಾ ಇರುದು ಮಾರಾಯ್ರೆ!”

ಪೋಕರ್ ಆಗಷ್ಟೇ ಬುಟ್ಟಿ ಹೊತ್ತು ಬಂದವನು ಹಿಂದೆ ಸರಿಯುತ್ತಿದ್ದ. ಒಳಗಿದ್ದ ಪೂವಮ್ಮ ಹೊರಗೆ ಬಂದಳು. ಕಾಲು ತೊಳೆಯಲೆಂದು ಜಗಲಿಯ ಬದಿಗೆ ಇಟ್ಟಿದ್ದ ಗಿಂಡಿಯನ್ನು ಎತ್ತಿಕೊಂಡಳು.

“ಮಾಷ್ಟ್ರೆ, ನೀವು ನಡುವೆ ನಿಲ್ಲಿ. ವೆಂಕಪ್ಪ, ಅವರ ಒಂದು ಕೈ ಹಿಡಿ. ಪೋಕರ್, ನೀನು ಇನ್ನೊಂದು.”

“ನನ್ನ ಕೈ ಮೀನಿನ ನಾತ, ಪೂವಮ್ಮಕ್ಕ.”

“ಅದಕ್ಕೇ ನೀರು ಎರೆಯುದು. ಹಿಡಿ.”

ಅವ್ವನ ಸ್ವರ ಹಾಗೆ ಇರುವಾಗ ವೆಂಕಪ್ಪ ಎದುರು ಹೇಳಿದವನಲ್ಲ. ಬೆಪ್ಪಾಗಿ ಕೈ ಹಿಡಿದ. ಮಾಷ್ಟ್ರು ಅಂಥ ಹೊತ್ತಿನಲ್ಲೂ ಅಭ್ಯಾಸಬಲದಿಂದ ಇಬ್ಬರ ಕೈಯನ್ನೂ ಸ್ವಲ್ಪ ಓರೆ ಮಾಡಿದರು. ಪೂವಮ್ಮ ಎರಡು ಕಡೆಗೂ ಸಮನಾಗಿ ನೀರು ಎರೆದಳು.

“ಈಗ ನೀವು ಮೂರು ಜನಕ್ಕೆ ಮದುವೆ ಆಯ್ತಾ ವೆಂಕಪ್ಪ?”

“ಎಂತ ಮಾತು ಅವ್ವ ಇದು! ನೀನು ಎರೆದ್ರೆ ಅದು ಧಾರೆ ಹೇಗೆ ಆಗ್ತದೆ?”

ಬಾಯಿಂದ ಜಾರಿದ ಮೇಲೆಯೇ ಅದೇನೆಂದು ವೆಂಕಪ್ಪನಿಗೆ ತಿಳಿದದ್ದು. ಪೋಕರ್ ತಲೆ ತಗ್ಗಿಸಿದ. ಮಾಷ್ಟ್ರು ಪೂವಮ್ಮನನ್ನೇ ನೋಡಿದರು. ಗಂಡ ಸತ್ತವಳು ಧಾರೆ ಗಿಂಡಿ ಮುಟ್ಟಬಾರದೆಂಬ ಕ್ರಮವೊಂದು ಉಂಟೆಂದು ಅವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ.

ಪೂವಮ್ಮ ಗಿಂಡಿಯನ್ನು ಮೆಲ್ಲಗೆ ಕೆಳಗಿಟ್ಟಳು. “ಅಷ್ಟೇ ನಾನು ಹೇಳುದು. ಕೈ ಉಂಟು, ನೀರುಂಟು ಅಂತ ಧಾರೆ ಆಗುದಿಲ್ಲ. ಎರೆದವರು ಯಾರು ಅಂತ ನೋಡ್ಬೇಕು. ನಿನ್ನ ಮಗಳನ್ನು ಕೊಡ್ಲಿಕ್ಕೆ ನೀನು ಎರೆದೆಯಾ? ನಿನ್ನ ಹೆಂಡತಿ ಎರೆದಳಾ? ಕಡಬದವರು ಕೇಳಿದ್ರೆ ಇದನ್ನೇ ಹೇಳು.”

ವೆಂಕಪ್ಪ ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡ. ತುಂಬ ಹೊತ್ತು ಒರೆಸಿದ. ಆಮೇಲೆ ಅವ್ವನ ಮುಖ ನೋಡದೆ, “ನೀಲಾ, ಕಾಲೇಜಿಗೆ ಹೊತ್ತಾಯ್ತಲ್ಲ” ಎಂದ.

ನೀಲಾವತಿ ಬಿ.ಎಸ್ಸಿ. ಮುಗಿಸಿದಳು. ಮಾಷ್ಟ್ರು ಅದರ ನಂತರ ಅಣುಗಳಿಗೆ ಹುಡುಗರನ್ನೇ ನಿಲ್ಲಿಸುತ್ತಿದ್ದರು, ಹೂಜಿಯನ್ನು ಕೋಣೆಯ ಹೊರಗೆ ಇಡಿಸುತ್ತಿದ್ದರು. ಆ ದಿನದ ಮಾತನ್ನು ಅವರು ಪೂವಮ್ಮನ ಹತ್ತಿರ ಎಂದೂ ಎತ್ತಲಿಲ್ಲ. ಹಿಡಿಸೂಡಿ ಮಾತ್ರ ಪೇಟೆಯಿಂದ ತಾವೇ ತಂದಿಡುತ್ತಿದ್ದರು.

ಅರುವತ್ತಾರರಲ್ಲಿ ಅವರಿಗೆ ಮೈಸೂರಿನ ಕಡೆ ಕೆಲಸವಾಯಿತು. ಹೋಗುವ ಮೊದಲು ಕಾಣಿಯೂರಿನಲ್ಲಿ ಮದುವೆ. ಪೂವಮ್ಮ ಅವರನ್ನು ಕೊನೆಯದಾಗಿ ಕಂಡದ್ದು ಅಲ್ಲೇ. ಮದುವೆಗೆ ಹೋದವಳು ಎಂದಿನಂತೆ ಧಾರೆಯ ಹೊತ್ತಿಗೆ ಚಪ್ಪರ ಬಿಟ್ಟು ಅಡುಗೆಯವರ ಹತ್ತಿರ ಹೋಗಿ ಕೂತಿದ್ದಳು. ಹೊರಗೆ ವಾಲಗ ಒಮ್ಮೆಲೇ ನಿಂತಿತು. ಏನಾಯಿತೆಂದು ತಲೆ ಎತ್ತಿದರೆ, ಪೇಟ ಕಟ್ಟಿದ ಮದುಮಗ ಮಂಟಪದಿಂದ ಇಳಿದು ಬಂದು ಅಡುಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಾರೆ. ಹಿಂದೆ ನೆಂಟರೆಲ್ಲ ಬಾಯಿ ತೆರೆದು ನೋಡುತ್ತಿದ್ದಾರೆ. ಮಾಷ್ಟ್ರ ಎರಡು ಕೈಗಳಲ್ಲಿ, ಅಡಿಕೆಯ ಹಿಂಗಾರ ಇಟ್ಟ ಧಾರೆ ಗಿಂಡಿ.

“ನನಗೆ ಅಮ್ಮ ಇಲ್ಲ. ಮೊದಲು ನೀವು ಮುಟ್ಟಿ ಕೊಡ್ತೀರಾ ಪೂವಮ್ಮಕ್ಕ?”