ಬ್ರಾಂದಿ ಅಂಗಡಿಗೆ ನನ್ನ ರುಜು

ಕೇಳಿ ಮಕ್ಕಳೇ, ಇವತ್ತು ಬೆಳಿಗ್ಗೆ ನನ್ನ ರುಜುವಿಗೂ ಬೆಲೆ ಬಂತು. ನಮ್ಮ ರಸ್ತೆಯ ಬ್ರಾಂದಿ ಅಂಗಡಿಯ ಲೋಕೇಶ ಅರ್ಜಿ ಹಿಡಿದು ತೋಟಕ್ಕೇ ಬಂದ. ಹತ್ತು ಗಂಟೆಗೆ ತೆಗೆಯುವ ಅಂಗಡಿಯನ್ನು ಎಂಟಕ್ಕೇ ತೆಗೆಯಲು ಅವನಿಗೆ ಅನುಮತಿ ಬೇಕಂತೆ, ಅದಕ್ಕೆ ಅಕ್ಕಪಕ್ಕದವರ ರುಜು.

"ನೀವು ಹಾಕಿದ್ರೆ ಊರೇ ಹಾಕ್ತದೆ ಅಜ್ಜಿ" ಎಂದು ಪೂಸಿ ಹೊಡೆದ.

ಆಗ ರಂಗಪ್ಪ ನಮ್ಮ ತೆಂಗಿನ ಮರದ ತುದಿಯಲ್ಲಿ ಕಾಯಿ ಕೀಳುತ್ತಿದ್ದ. ಬೆಳಿಗ್ಗೆ ಹತ್ತರವರೆಗೆ ಅವನಂಥ ಕೆಲಸಗಾರ ಅರಸೀಕೆರೆ ತಾಲ್ಲೂಕಿನಲ್ಲೇ ಇಲ್ಲ. ಅಂಗಡಿ ಬಾಗಿಲು ತೆರೆದ ಮೇಲೆ ಅವನನ್ನು ಮರ ಹತ್ತಿಸುವ ಧೈರ್ಯ ನನಗಿಲ್ಲ.

ಅವನು ಮೇಲಿನಿಂದಲೇ ಕೂಗಿದ: "ಹಾಕ್‌ಬ್ಯಾಡ ಕಣಜ್ಜೀ! ಎಂಟಕ್ಕೇ ತೆಗೆದ್ರೆ ನಾನು ಕುಡಿದೇ ಮರ ಹತ್ತೋದು. ಬಿದ್ರೆ ನನ್ ಹೆಂಡ್ತಿ ನಿನ್ನೇ ಕೇಳ್ತಾಳೆ!"

"ನೀನು ಕುಡೀಬ್ಯಾಡ ಕಣ್ಲಾ" ಎಂದ ಲೋಕೇಶ.

"ಬಾಗ್ಲು ತೆಗೆದ್ಮೇಲೆ ಬಿಡಕ್ಕಾಯ್ತದಾ?"

ನಾನು ಪೆನ್ನು ಇಸಿದುಕೊಂಡು, ನಿಧಾನವಾಗಿ ಒಂದು ಸಾಲು ಬರೆದು ರುಜು ಹಾಕಿಕೊಟ್ಟೆ. ಓದಿದ ಲೋಕೇಶನ ಮುಖ ಹುಳ್ಳಗಾಯಿತು.

"ಅಜ್ಜಿ, ಹನ್ನೆರಡಕ್ಕೆ ತೆಗೆದರೆ ಸಾಕು ಅಂತ ಬರ್ದಿದೀರಲ್ಲ!"

"ನಾಕನೇ ಕ್ಲಾಸಿನೋಳು ಕಣಪ್ಪ, ನಂಗೆ ಬರೆಯಕ್ಕೆ ಬರೋದು ಇಷ್ಟೇ."

ಅವನು ದುರ್ದಾನ ತೆಗೆದುಕೊಂಡವನಂತೆ ಹೊರಟುಹೋದ. ರಂಗಪ್ಪ ಸರಸರನೆ ಇಳಿದು ಬಂದ, ಮುಖ ಊದಿಸಿಕೊಂಡು.

"ಎಂಟು ಬ್ಯಾಡ ಅಂದೆ ನಿಜ. ಹನ್ನೆರಡು ಅಂದ್ರೆ ಹೆಂಗಜ್ಜಿ? ಹತ್ತು ಚೆನ್ನಾಗೇ ಐತಲ್ಲ!"

ಈಗ ಇಬ್ಬರೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ರಂಗಪ್ಪ ನೆಟ್ಟಗೆ ಎರಡು ಕಾಲಿನ ಮೇಲೆ ನಿಂತು ಮುನಿಸಿಕೊಂಡಿದ್ದಾನಲ್ಲ, ನನಗಷ್ಟು ಸಾಕು.