ವೇಲಚೇರಿಯಲ್ಲಿ ಕೂತು ಡೆಲ್ಫ್ಟಿನಲ್ಲಿ ಮನೆ ಹುಡುಕುವಾಕೆ

ಬೆಳಗಿನ ಐದೂಕಾಲು. ಚೆನ್ನೈನ ವೇಲಚೇರಿಯ ಮೂರನೇ ಮಹಡಿಯ ಮನೆಯಲ್ಲಿ ವಿನೋದಾ ಅವರು ಕಾಫಿ ಫಿಲ್ಟರಿಗೆ ಬಿಸಿನೀರು ಸುರಿದು ಊಟದ ಮೇಜಿನ ಮುಂದೆ ಕೂರುತ್ತಾರೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅವರು ಡೆಲ್ಫ್ಟ್ ಊರಿನ ಎರಡು ಸೇತುವೆ ದಾಟಿ, ಕಾಲುವೆಯ ಬಲದಂಡೆ ಹಿಡಿದು, ಹಸಿರು ಬಾಗಿಲಿನ ಮನೆಯೊಂದರ ಮುಂದೆ ನಿಂತಿರುತ್ತಾರೆ. ಹಾಲೆಂಡಿನ ಡೆಲ್ಫ್ಟ್ ಕಣ್ರೀ, ನಮ್ಮ ಊರಲ್ಲ! ಲ್ಯಾಪ್‌ಟಾಪಿನ ನಕ್ಷೆಯಲ್ಲಿ, ಬೀದಿಯ ಫೋಟೋಗಳ ಮೇಲೆ ಬೆರಳಾಡಿಸುತ್ತ ಒಂದೊಂದೇ ಹೆಜ್ಜೆ ಮುಂದೆ ಸರಿಯುತ್ತಾರೆ. ಹೊರಗೆ ಬೆಳಗಿನ ರೈಲು ಮೇಲ್ಸೇತುವೆಯ ಮೇಲೆ ಗಡಗಡ ಹಾದುಹೋಗುತ್ತದೆ. ಅವರ ಕಣ್ಣೆದುರು ಮುನ್ನೂರು ವರ್ಷದ ಇಟ್ಟಿಗೆ ಮನೆಗಳು ನಿಂತ ನೀರಿನಲ್ಲಿ ತಮ್ಮನ್ನೇ ನೋಡಿಕೊಳ್ಳುತ್ತಿವೆ.

"ಅಲ್ಲಿ ಈಗ ನಡುರಾತ್ರಿ. ಮನೆ ಓನರುಗಳೆಲ್ಲ ಗೊರಕೆ ಹೊಡೀತಿರ್ತಾರೆ. ಅವರು ಎದ್ದು ಕಣ್ಣುಜ್ಜಿಕೊಳ್ಳೋ ಹೊತ್ತಿಗೆ ನನ್ನ ಕಾಗದ ಎಲ್ಲದಕ್ಕಿಂತ ಮೇಲೆ ಕೂತಿರ್ಬೇಕು. ಅದಕ್ಕೇ ಈ ಅವತಾರ," ಎಂದು ನಗುತ್ತಾರೆ ವಿನೋದಾ. ಕಾಗದ ಎಂದರೆ ಇಮೇಲು. ಅವರ ಬಾಯಲ್ಲಿ ಅದು ಇನ್ನೂ ಕಾಗದವೇ.

ಐವತ್ತೇಳು ವರ್ಷದ ವಿನೋದಾ ಅವರ ಉದ್ಯೋಗ ಇಷ್ಟೇ: ಚೆನ್ನೈನ ಕಂಪನಿಗಳಿಂದ ಕೆಲಸದ ಮೇಲೆ ಹಾಲೆಂಡಿಗೆ ಹೊರಟ ಸಂಸಾರಗಳಿಗೆ ಅಲ್ಲಿ ಬಾಡಿಗೆ ಮನೆ ಗೊತ್ತು ಮಾಡಿಕೊಡುವುದು. ಇಂಥ ವರ್ಗಾವಣೆಗಳನ್ನು ನೋಡಿಕೊಳ್ಳುವ ಸಂಸ್ಥೆಯೊಂದಕ್ಕೆ ಹನ್ನೆರಡು ವರ್ಷಗಳಿಂದ ದುಡಿಯುತ್ತಿದ್ದಾರೆ. ದಿನಕ್ಕೆ ನಲವತ್ತರಿಂದ ಐವತ್ತು ಜಾಹೀರಾತು ಓದುತ್ತಾರೆ, ಹತ್ತು ಹನ್ನೆರಡು ಕಾಗದ ಬರೆಯುತ್ತಾರೆ, ಅದರಲ್ಲಿ ಒಂದಕ್ಕೋ ಎರಡಕ್ಕೋ ಉತ್ತರ ಬರುತ್ತದೆ. ಇದುವರೆಗೆ ಇನ್ನೂರ ಮೂವತ್ತೊಂದು ಸಂಸಾರಗಳನ್ನು ನೆಲೆ ಹತ್ತಿಸಿದ್ದಾರೆ. ಆ ಇನ್ನೂರ ಮೂವತ್ತೊಂದರಲ್ಲಿ ಒಂದೇ ಒಂದು ಮನೆಯ ಹೊಸ್ತಿಲನ್ನೂ ಅವರು ಕಣ್ಣಾರೆ ಕಂಡಿಲ್ಲ. ಪಾಸ್‌ಪೋರ್ಟೇ ಮಾಡಿಸಿಲ್ಲ.

"ಮನೇಲಿ ಬೀಗದಕೈ ಎಲ್ಲಿಟ್ಟೆ ಅಂತ ಇವಳಿಗೆ ಗೊತ್ತಿರಲ್ಲ. ಡೆಲ್ಫ್ಟಿನಲ್ಲಿ ಬ್ರೆಡ್ ಅಂಗಡಿ ಯಾವ ಮೂಲೇಲಿದೆ ಅಂತ ನಿದ್ದೆಗಣ್ಣಲ್ಲೂ ಹೇಳ್ತಾಳೆ," ಎಂದು ಒಳಗಿನಿಂದ ಚುಚ್ಚುವವರು ಪತಿ ತಮ್ಮಯ್ಯ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿದ್ದು ನಿವೃತ್ತರಾದವರು. ದಿನಾ ಕಾಫಿ ಲೋಟ ತಂದಿಡುವಾಗ, "ಇವತ್ತು ಸವಾರಿ ಎಲ್ಲಿಗೆ?" ಎಂದು ಕೇಳದೆ ಅವರು ಬಿಡುವುದಿಲ್ಲ.

ಡಚ್ ಭಾಷೆ ಈಕೆಗೆ ಒಲಿದ ಬಗೆಯೂ ವಿಚಿತ್ರ. ಕೊಳ್ಳೇಗಾಲದ ಕಡೆಯ ಸಂಸಾರ. ತಂದೆ ಪೆರಂಬೂರಿನ ರೈಲ್ವೆ ಕಾರ್ಖಾನೆಗೆ ಸೇರಿದ್ದರಿಂದ ವಿನೋದಾ ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಇಪ್ಪತ್ತೆರಡಕ್ಕೆ ಬಂದರಿನ ಎದುರಿನ ಹಡಗು ಏಜೆನ್ಸಿಯೊಂದರಲ್ಲಿ ಟೈಪಿಸ್ಟ್ ಕೆಲಸ ಸಿಕ್ಕಿತು. ರಾಟರ್‌ಡ್ಯಾಮಿಗೆ ಹೋಗುವ ಪತ್ರಗಳನ್ನು, ಒಂದಕ್ಷರ ಅರ್ಥವಾಗದಿದ್ದರೂ, ನೋಡಿ ನೋಡಿ ಬಡಿಯುತ್ತಿದ್ದರು. "ಮೂರು ವರ್ಷ ಹಂಗೇ ಬಡಿದೆ. ನನ್ನ ಬೆರಳಿಗೆ ಡಚ್ ಬರ್ತಿತ್ತು, ನಂಗೆ ಬರ್ತಿರ್ಲಿಲ್ಲ! ಆಮೇಲೆ ಒಂದು ದಿನ, ಇದೇನು ಚುಮ್ಮಾ ಗಿಳಿಪಾಠ ಅಂತ ನಂಗೇ ನಾಚಿಕೆಯಾಗಿ ಹಳೇ ಪುಸ್ತಕ ಮಾರೋ ಮೂರ್ ಮಾರ್ಕೆಟ್ಟಲ್ಲಿ ಒಂದು ಡಿಕ್ಷನರಿ ತಗೊಂಡೆ." ಏಜೆನ್ಸಿ ಮುಚ್ಚಿತು. ಭಾಷೆ ಉಳಿಯಿತು.

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತದೆ ಗಾದೆ. ಗಾದೆ ಮಾಡಿದವರು ಪರದೇಶದಲ್ಲಿ ಬಾಡಿಗೆ ಮನೆ ಹಿಡಿದು ನೋಡಿರಲಿಲ್ಲ ಅಂತ ಕಾಣುತ್ತದೆ. ಆರು ವರ್ಷದ ಹಿಂದೆ ಶಂಕರನಾರಾಯಣ ಎಂಬ ಬ್ಯಾಂಕಿನವರಿಗೆ ವಿನೋದಾ ಒಂದು ಬರಿಮನೆ ಗೊತ್ತು ಮಾಡಿಕೊಟ್ಟರು. ಬರಿಮನೆ ಅಂದರೆ ಮಂಚ, ಕುರ್ಚಿ ಇರದ ಮನೆ ಅಂತ ನಾವೂ ನೀವೂ ತಿಳಿಯುತ್ತೇವೆ. ಅಲ್ಲಿ ಹಾಗಲ್ಲ. ಬಿಟ್ಟುಹೋಗುವ ಬಾಡಿಗೆದಾರ ಪರದೆ, ದೀಪಗಳ ಜೊತೆಗೆ ತಾನು ಹಾಸಿದ ಮರದ ನೆಲವನ್ನೂ ಕಿತ್ತುಕೊಂಡು ಹೋಗುತ್ತಾನೆ! ಜನವರಿಯ ಕೊರೆವ ಚಳಿಯಲ್ಲಿ ಇಬ್ಬರು ಮಕ್ಕಳೊಂದಿಗೆ ಬಂದಿಳಿದ ಶಂಕರನಾರಾಯಣ ಬಾಗಿಲು ತೆರೆದರೆ ಒಳಗೆ ಬೋಳು ಸಿಮೆಂಟು.

"ಫೋನಲ್ಲಿ ಅವರು, 'ಮೇಡಂ, ನೆಲಾನೇ ಇಲ್ಲ ಮೇಡಂ' ಅಂದ್ರು. ಮೊದಲು ನಕ್ಕುಬಿಟ್ಟೆ. ಹಿಂದೆ ಮಕ್ಕಳು ಅಳೋದು ಕೇಳಿಸ್ತು. ಪಾವಂ, ಆವತ್ತು ರಟ್ಟಿನ ಅಟ್ಟೆಪೆಟ್ಟಿಗೆ ಬಿಚ್ಚಿ ಹಾಸ್ಕೊಂಡು ಮಲಗಿದ್ರು. ತಪ್ಪು ನಂದೇ. ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ." ಈ ಮಾತು ಹೇಳುವಾಗ ವಿನೋದಾ ಈಗಲೂ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾರೆ. ಅಂದಿನಿಂದ ಯಾವ ಕಾಗದದಲ್ಲಿಯೂ ಅವರ ಮೊದಲ ಪ್ರಶ್ನೆ, ನೆಲ ಇದೆಯೇ ಎಂಬುದು. ಎಷ್ಟೋ ಮಾಲೀಕರು ಆ ಪ್ರಶ್ನೆ ನೋಡಿಯೇ ಇವರ ಗುರುತು ಹಿಡಿಯುತ್ತಾರಂತೆ.

ಹೋದ ವರ್ಷ ಚೈತ್ರದಲ್ಲಿ ಅವರ ಮೇಜಿಗೆ ಬಂದದ್ದು ಮಾತ್ರ ಬೇರೆಯೇ ಪ್ರಶ್ನೆ. ಇದೇ ಚೆನ್ನೈನ ಪೋರೂರಿನಲ್ಲಿ ವಾಸವಿದ್ದ ಮೈಸೂರಿನ ದಂಪತಿ ಅಜಿತ್, ಮಾಧವಿ. ಅಜಿತನಿಗೆ ಡೆಲ್ಫ್ಟಿಗೆ ಮೂರು ವರ್ಷದ ವರ್ಗ. ಏಳು ವರ್ಷದ ಒಬ್ಬಳೇ ಮಗಳು ಶ್ರೀಯಾ ಸದ್ದು ತಾಳದ ಮಗು. ಕುಕ್ಕರು ಕೂಗಿದರೆ ಮಂಚದಡಿ ಸೇರುತ್ತಾಳೆ. ರಸ್ತೆಯಲ್ಲಿ ಹಾರನ್ ಬಡಿದರೆ ಎರಡು ಕಿವಿಯನ್ನೂ ಮುಚ್ಚಿಕೊಂಡು, ಉಸಿರುಗಟ್ಟುವಂತೆ ಚೀರುತ್ತಾಳೆ. ಮಾತು ತೀರಾ ಕಡಿಮೆ. ಅಪ್ಪನ ಎದೆಯ ಮೇಲೆ ಕಿವಿ ಒತ್ತಿಕೊಂಡರೆ ಮಾತ್ರ ನಿದ್ದೆ. ಕಂಪನಿ ತೋರಿಸಿದ ಮನೆ ಟ್ರಾಮ್ ದಾರಿಯ ಮೇಲಿತ್ತು. ಸದ್ದಿಲ್ಲದ ಜಾಗದಲ್ಲಿ ಮನೆ ಸಿಕ್ಕರೆ ಮೂವರೂ ಹೋಗುವುದು, ಸಿಗದಿದ್ದರೆ ಅಜಿತ್ ಒಬ್ಬನೇ. ಮೂರು ವರ್ಷ ಆ ಮಗು ಯಾರ ಎದೆಯ ಮೇಲೆ ಮಲಗಬೇಕು?

"ಆಂಟಿ, ಬೇರೆ ಏನೂ ಬೇಡ, ಸೋರಿದ್ರೂ ಪರವಾಗಿಲ್ಲ, ಸದ್ದಿಲ್ಲದ ಮನೆ ಹುಡುಕ್ಕೊಡಿ," ಅಂದಳು ಮಾಧವಿ. ವಿನೋದಾ ಮಾಧವಿಯನ್ನು ಅದೇ ಮೊದಲು ಕಂಡದ್ದು. ಆವತ್ತು ಮನೆಗೆ ಬಂದ ವಿನೋದಾ ರಾತ್ರಿ ಊಟ ಬಿಟ್ಟರು ಎನ್ನುತ್ತಾರೆ ತಮ್ಮಯ್ಯ.

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ ಹದಿನೇಳನೆಯ ಬೆಳಗ್ಗೆ ಒಂದು ಜಾಹೀರಾತು ಕಂಡಿತು. ಊರಿನ ಹಳೆಯ ಭಾಗ. ಕಾರು ಬಾರದ ಕಾಲುವೆ ದಂಡೆ, ನೆಲಮಟ್ಟದ ಪುಟ್ಟ ಮನೆ, ಹಿತ್ತಲಲ್ಲಿ ಪಿಯರ್ ಹಣ್ಣಿನ ಮರ. ನೆಲವೂ ಇತ್ತು! ಮಾಲೀಕರು ಎಪ್ಪತ್ತೊಂಬತ್ತರ ಕೋರ್ನೆಲಿಸ್ ಎಂಬ ಒಂಟಿ ಮುದುಕರು. ಮಂಡಿನೋವೆಂದು ತಂಗಿಯ ಮನೆಗೆ ಹೊರಟಿದ್ದರು. ಅದೇ ಮನೆಗೆ ಇನ್ನೂ ನಲವತ್ತೆರಡು ಅರ್ಜಿ ಬಿದ್ದಿದ್ದವು. ಅವರೆಲ್ಲ ಅಲ್ಲಿಯವರೇ, ಹೋಗಿ ಮನೆ ನೋಡಿ ಬರಬಲ್ಲವರು.

"ಮಗುವಿನ ವಿಚಾರ ಬರೀಬೇಡಿ ಮೇಡಂ," ಎಂದು ಎಚ್ಚರಿಸಿದ ಕಚೇರಿಯ ಮೇಲಧಿಕಾರಿ ರವಿಕಿರಣ್. ಚೀರುವ ಮಗು ಎಂದರೆ ಯಾರು ಮನೆ ಕೊಡುತ್ತಾರೆ? ಅವನು ಹೇಳಿದ್ದೇನೂ ಸುಳ್ಳಲ್ಲ. ವಿನೋದಾ ಹೂಂಗುಟ್ಟಿ ಮನೆಗೆ ಬಂದರು. ಮಾರನೆಯ ದಿನ ಬೆಳಗ್ಗೆ ಕೂತು ಇದ್ದದ್ದು ಇದ್ದ ಹಾಗೆ ಬರೆದರು: ಇವಳು ಸದ್ದಿಗೆ ಹೆದರುತ್ತಾಳೆ, ಹೆದರಿದಾಗ ಮಾತ್ರ ಚೀರುತ್ತಾಳೆ, ಮಿಕ್ಕಂತೆ ಸದ್ದೇ ಮಾಡದ ಮಗು. ಕೊನೆಗೊಂದು ಕೋರಿಕೆ. ಮನೆಯ ಫೋಟೋ ಬೇಡ, ಅಳತೆ ಬೇಡ. ಅರ್ಧ ಗಂಟೆ ನಿಮ್ಮ ಫೋನನ್ನು ಮನೆಯೊಳಗೆ ಇಟ್ಟು, ಕಿಟಕಿ ತೆರೆದು, ಯಾರೂ ಮಾತಾಡದೆ ಇರಬಹುದೇ? ನಿಮ್ಮ ಮನೆಯನ್ನು ಮಗು ಒಮ್ಮೆ ಕೇಳಿಸಿಕೊಳ್ಳಲಿ.

"ಕಳಿಸಿಬಿಟ್ಟು ನಾಲಿಗೆ ಕಚ್ಕೊಂಡೆ. ಇದ್ಯಾವಳೋ ಹುಚ್ಚಿ ಅಂದ್ಕೊಂಡಿರ್ತಾನೆ ಮುದುಕ ಅಂತ," ಎನ್ನುತ್ತಾರೆ. ಸಂಜೆಯೊಳಗೆ ಉತ್ತರ ಬಂತು. ಗುರುವಾರ ಹತ್ತು ಗಂಟೆಗೆ ಎಂದಷ್ಟೇ ಇತ್ತು.

ಅಲ್ಲಿಯ ಹತ್ತು ಎಂದರೆ ನಮ್ಮ ಒಂದೂವರೆ. ಪೋರೂರಿನ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಸಂದಿಗೆ ಟವಲು ತುರುಕಿ, ಫ್ಯಾನೂ ಆರಿಸಿ ವಿನೋದಾ ಸೇರಿ ನಾಲ್ವರು ನೆಲದ ಮೇಲೆ ಕೂತರು. ಬೆವರು ಧಾರೆಧಾರೆ. ಕೋರ್ನೆಲಿಸ್ ಕೈಬೀಸಿ ಫೋನನ್ನು ಅಡುಗೆಕಟ್ಟೆಯ ಮೇಲೆ ಇಟ್ಟು ಹಿತ್ತಲಿಗೆ ಹೋದರು. ತೆರೆಯ ಮೇಲೆ ಒಂದು ತುಂಡು ಸೂರು, ಅದರ ಮೇಲೆ ನೀರಿನ ಬೆಳಕು ತೇಲುತ್ತಿತ್ತು. ಯಾವುದೋ ಹಕ್ಕಿ ಗುಟುರು ಹಾಕಿತು. ಸೇತುವೆಯ ಹಲಗೆಯ ಮೇಲೆ ಸೈಕಲ್ಲೊಂದು ಟಕಟಕ ಎಂದು ಹೋಯಿತು. ದೂರದಲ್ಲಿ ಯಾರೋ ಯಾರಿಗೋ ಏನೋ ಹೇಳಿ ನಕ್ಕರು. ಶ್ರೀಯಾ ಫೋನಿನ ಹತ್ತಿರ ತೆವಳಿ ಬಂದಳು. ಎಷ್ಟು ಹೊತ್ತು ಹಾಗೆ ಕಳೆಯಿತೋ ಯಾರಿಗೂ ತಿಳಿಯಲಿಲ್ಲ, ಸುಡುಬಿಸಿಲಿನ ಪೋರೂರು ಎಲ್ಲೋ ಕೆಳಗೆ ಇಳಿದುಹೋದಂತಿತ್ತು.

ಅಷ್ಟರಲ್ಲಿ ಢಣ್ ಎಂದಿತು. ಹಳೆಯ ಚರ್ಚಿನ ಗಂಟೆಗಳು! ಒಂದರ ಹಿಂದೊಂದು ಸಾಲಾಗಿ ಮೊಳಗತೊಡಗಿದವು.

"ನನ್ನ ಪ್ರಾಣ ಹೋಗಿ ಬಂತು. ಹನ್ನೆರಡು ವರ್ಷದಿಂದ ಆ ಬೀದೀಲಿ ಓಡಾಡ್ತಿದೀನಿ. ಫೋಟೋದಲ್ಲಿ ಆ ಚರ್ಚನ್ನ ದಿನಾ ನೋಡಿದೀನಿ. ಅದು ಕಾಲು ಗಂಟೆಗೊಂದ್ಸಲ ಬಾರಿಸತ್ತೆ ಅಂತ ನಂಗೆ ಹೊಳೀಲೇ ಇಲ್ವಲ್ಲ! ಫೋಟೋಗೆ ಕಿವಿ ಎಲ್ಲಿರತ್ತೆ ಹೇಳಿ?" ಮಾಧವಿ ಫೋನ್ ಕಸಿಯಲು ಧಾವಿಸಿದಳು. ಶ್ರೀಯಾ ಅಮ್ಮನ ಕೈಯನ್ನು ಪಕ್ಕಕ್ಕೆ ತಳ್ಳಿದಳು. ಎರಡೂ ಕೈ ಕಿವಿಯವರೆಗೆ ಎದ್ದವು, ಅಲ್ಲೇ ನಿಂತವು. ಗಂಟೆ ಮುಗಿಯಿತು. ಮಗು ಕೈ ಇಳಿಸಿ ಸುಮ್ಮನೆ ಕಾಯತೊಡಗಿತು. ಮತ್ತೆ ಕಾಲು ಗಂಟೆಗೆ ಗಂಟೆಗಳು ಎದ್ದಾಗ ಅವಳ ಕೈ ಮಡಿಲಿನಲ್ಲೇ ಇತ್ತು. ಅಜಿತ್ ಗೋಡೆಯ ಕಡೆ ಮುಖ ತಿರುಗಿಸಿ ಅಳುತ್ತಿದ್ದ.

ಮಾಧವಿಗೆ ಆಗ ಅರ್ಥವಾಯಿತು. ಮಗು ಹೆದರುತ್ತಿದ್ದುದು ಸದ್ದಿಗಲ್ಲ, ಹೇಳದೆ ಕೇಳದೆ ಮೇಲೆ ಬೀಳುವ ಸದ್ದಿಗೆ. ಹೊತ್ತಿಗೆ ಸರಿಯಾಗಿ ಬರುವ ಗಂಟೆ ಅವಳಿಗೆ ಗುರುತಿನ ನೆಂಟನಂತೆ. ಅದನ್ನೂ ವಿನೋದಾ ಮುಚ್ಚಿಡದೆ ಮುದುಕರಿಗೆ ಬರೆದರು. ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ ಬಂತು: "ನಲವತ್ತೆರಡು ಜನ ಮನೆ ಎಷ್ಟುದ್ದ, ಎಷ್ಟಗಲ ಎಂದು ಕೇಳಿದರು. ನಾನು ಇಲ್ಲಿ ನಲವತ್ತು ವರ್ಷ ಇದ್ದೆ. ಆವತ್ತು ಹಿತ್ತಲಲ್ಲಿ ಬಾಯಿ ಮುಚ್ಚಿ ಕೂತಾಗ ನನ್ನ ಮನೆಯನ್ನು ನಾನೂ ಮೊದಲ ಸಲ ಕೇಳಿಸಿಕೊಂಡೆ. ಮೂವರೂ ಬರಲಿ."

ಇದಕ್ಕಾಗಿ ವಿನೋದಾ ಅವರಿಗೆ ಯಾರೂ ಶಾಲು ಹೊದಿಸಿಲ್ಲ. ಕಚೇರಿಯ ಪಟ್ಟಿಯಲ್ಲಿ ಇದು ಇನ್ನೂರ ಇಪ್ಪತ್ತನೆಯ ಮನೆ, ಅಷ್ಟೇ. ಎಂದಾದರೂ ಅಲ್ಲಿಗೆ ಹೋಗಬೇಕು ಅನ್ನಿಸುವುದಿಲ್ಲವೇ ಎಂದು ಕೇಳಿದರೆ ಅವರು ಥಟ್ಟನೆ ಇಲ್ಲವೆನ್ನುತ್ತಾರೆ. ಆಮೇಲೆ ಸ್ವಲ್ಪ ಯೋಚಿಸಿ, "ಹೋದ್ರೆ ಆ ಬ್ರೆಡ್ ಅಂಗಡಿ ವಾಸನೆ ಹೆಂಗಿರತ್ತೆ ಅಂತ ನೋಡ್ಬೇಕು. ಅದೊಂದು ಗೊತ್ತಿಲ್ಲ ನಂಗೆ," ಎನ್ನುತ್ತಾರೆ.

ಆ ಸಂಸಾರ ಡೆಲ್ಫ್ಟ್ ಸೇರಿ ಎರಡು ತಿಂಗಳಾದ ಮೇಲೆ, ಒಂದು ಬೆಳಗ್ಗೆ ಕೋರ್ನೆಲಿಸ್ ಅವರ ಕಾಗದ ಬಂದಿತ್ತು. ವಿಷಯ ಎಂಬಲ್ಲಿ 'ಸದ್ದು' ಎಂದಿತ್ತು. ಆಯಿತು, ಮನೆ ಬಿಡಿ ಎನ್ನುತ್ತಾರೆ ಇನ್ನು ಎಂದುಕೊಂಡರು ವಿನೋದಾ. ತಮ್ಮಯ್ಯನವರನ್ನು ಕೂಗಿ ಪಕ್ಕದಲ್ಲಿ ಕೂರಿಸಿಕೊಂಡೇ ಓದಿದರು.

"ಬೀದಿಯವರು ನಿಮ್ಮ ಮಗುವಿನ ವಿಷಯ ಹೇಳುತ್ತಿದ್ದಾರೆ," ಎಂದು ಶುರುವಾಗಿತ್ತು. "ಕಾಲು ಗಂಟೆಗೊಮ್ಮೆ ಅವಳು ಕಿಟಕಿಯನ್ನು ತಾನೇ ತೆರೆದು, ಗಂಟೆಗಳ ಜೊತೆ ಗಟ್ಟಿಯಾಗಿ ಹಾಡುತ್ತಾಳಂತೆ. ಸೇತುವೆಯ ಆಚೆಗೂ ಕೇಳಿಸುತ್ತದಂತೆ. ಎದುರುಮನೆಯ ಮುದುಕಿ ಅದಕ್ಕೆಂದೇ ಕುರ್ಚಿ ಹೊರಗೆ ಹಾಕಿಸಿಕೊಂಡಿದ್ದಾಳೆ, ಚಳಿಗಾಲ ಬಂದರೆ ಕಿಟಕಿ ಮುಚ್ಚಿಬಿಡುತ್ತಾರೇನೋ ಎಂದು ಅವಳಿಗೆ ಈಗಿನಿಂದಲೇ ಚಿಂತೆ. ಸದ್ದೇ ಮಾಡದ ಮಗು ಎಂದು ನೀವು ಬರೆದಿದ್ದಿರಿ. ಇದು ಅದೇ ಮಗುವೇ?"

ದಿನಕ್ಕೆ ಹನ್ನೆರಡು ಕಾಗದ ಬರೆಯುವ ವಿನೋದಾ ಆ ಬೆಳಗ್ಗೆ ಬರೆದದ್ದು ಒಂದೇ ಸಾಲು.

"'ಹೌದು, ಅದೇ ಮಗು' ಅಂತ ಬರೆದೆ. ಇನ್ನೂ ಏನೋ ಬರೀಬೇಕು ಅಂತ ಹೋದೆ, ಕಣ್ಣು ತುಂಬಿ ಏನೂ ಕಾಣ್ಲಿಲ್ಲ. ಹಂಗೇ ಕಳಿಸ್ಬಿಟ್ಟೆ."